ಒಳ್ಳೆಯವನು ಅನ್ನಬೇಡಿ, ಮಾಡಿದ ಕೆಲಸ ಹೇಳಿ

ಕೇಳುಗ ಬಂಧುಗಳಿಗೆ ನಮಸ್ಕಾರ. ಮುಂಬೈ, ಠಾಣೆ, ಡೊಂಬಿವಲಿ, ನವಿ ಮುಂಬೈಯಲ್ಲಿ ಕೆಲಸ ಹುಡುಕುತ್ತಿರುವ, ಇಲ್ಲವೇ ಇರುವ ಕೆಲಸ ಬಿಟ್ಟು ಇನ್ನೂ ಒಳ್ಳೆಯದಕ್ಕೆ ಹೋಗಬೇಕು ಅಂತಿರುವ ನಮ್ಮ ಹುಡುಗ ಹುಡುಗಿಯರ ಜೊತೆ ಇವತ್ತಿನ ಮಾತು. ಅವರಿಂದ ಕೆಲಸ ಮಾಡಿಸಿಕೊಂಡ ಧಣಿಗಳು, ಮ್ಯಾನೇಜರುಗಳು ರೇಡಿಯೋ ಹತ್ತಿರ ಇದ್ದರೆ ದಯವಿಟ್ಟು ಎದ್ದು ಹೋಗಬೇಡಿ. ಅರ್ಧ ಮಾತು ನಿಮಗೇ ಇದೆ.

ವಿಷಯ ಲಿಂಕ್ಡ್‌ಇನ್. 2003ರಲ್ಲಿ ಶುರುವಾದ, ಕೆಲಸ ಮತ್ತು ವೃತ್ತಿಗೆ ಸಂಬಂಧಪಟ್ಟ ಜಾಲತಾಣ ಅದು. 2016ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಅದನ್ನು ಕೊಂಡುಕೊಂಡಿತು. ಕೆಲಸಕ್ಕೆ ಜನರನ್ನು ಆರಿಸುವ ನಮ್ಮಂಥವರು ದಿನಾ ಬೆಳಿಗ್ಗೆ ತೆರೆಯುವುದು ಅದನ್ನೇ. ಅಲ್ಲಿ ನಿಮ್ಮ ಪ್ರೊಫೈಲ್ ಇರುತ್ತದೆ. ಹೆಸರು, ಫೋಟೋ, ಓದು, ಮಾಡಿದ ಕೆಲಸಗಳು. ಇವೆಲ್ಲ ನಿಮ್ಮ ಬಗ್ಗೆ ನೀವೇ ಹೇಳಿಕೊಂಡದ್ದು, ಅಲ್ವಾ? ಅದೇ ಪುಟದಲ್ಲಿ ಕೆಳಗೆ ಹೋದರೆ ರೆಕಮೆಂಡೇಶನ್ ಅಂತ ಒಂದು ಜಾಗ ಸಿಗುತ್ತದೆ. ಅಲ್ಲಿ ಬರೆಯುವವರು ಬೇರೆಯವರು. ತಮ್ಮ ಹೆಸರು, ಫೋಟೋ ಸಮೇತ ನಿಮ್ಮ ಬಗ್ಗೆ ನಾಲ್ಕು ಮಾತು ಬರೆದಿರುತ್ತಾರೆ.

ನಮ್ಮವರ ಪ್ರೊಫೈಲ್‌ನಲ್ಲಿ ಬಹಳ ಸಲ ಈ ಜಾಗ ಖಾಲಿ ಇರುತ್ತದೆ. ಯಾಕಪ್ಪಾ ಅಂದರೆ, ಕೇಳೋಕೆ ಸಂಕೋಚ ಅನ್ನುತ್ತಾರೆ. ಖಾಲಿ ಇಲ್ಲದಿದ್ದರೆ ಅಲ್ಲಿರುವುದು ಇಷ್ಟು: ಹಾರ್ಡ್‌ವರ್ಕಿಂಗ್, ಸಿನ್ಸಿಯರ್, ಟೀಮ್ ಪ್ಲೇಯರ್. ಇಷ್ಟು ವರ್ಷ ಈ ಕೆಲಸ ಮಾಡಿ ಹೇಳುತ್ತಿದ್ದೇನೆ, ಈ ಮೂರು ಪದಗಳನ್ನು ನಾವು ಯಾರೂ ಓದುವುದಿಲ್ಲ. ಕಣ್ಣು ತಾನಾಗಿ ಮುಂದೆ ಹೋಗಿಬಿಡುತ್ತದೆ. ಯಾಕೆಂದರೆ ಇದನ್ನು ಯಾರ ಬಗ್ಗೆ ಬೇಕಾದರೂ ಬರೆಯಬಹುದು.

ಹಾಗಾಗಿ ನಾನು ಇವತ್ತು ಹೇಳುವುದು ಒಂದೇ ಮಾತು. ಮಾಡಿದ ಒಂದು ಕೆಲಸ ಹೇಳಿ. ಕೇಳುವವರು ಒಂದು ಕೆಲಸ ನೆನಪಿಸಿ ಕೇಳಿ. ಬರೆಯುವವರು ಒಂದು ಕೆಲಸ ಹಿಡಿದು ಬರೆಯಿರಿ. ಪೆನ್ನು ಹತ್ತಿರ ಇದ್ದರೆ ಬರೆದುಕೊಳ್ಳಿ.

ಮುಂದೆ ಹೋಗುವ ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. "ನನಗೆ ಎಕ್ಸೆಲ್‌ಗೆ ಮೂವತ್ತು ಜನ ಕೊಟ್ಟಿದ್ದಾರೆ ಮೇಡಂ" ಅನ್ನುತ್ತಾರೆ ಕೆಲವರು. ಅದು ಎಂಡೋರ್ಸ್‌ಮೆಂಟ್. ಇವರಿಗೆ ಈ ಕೆಲಸ ಬರುತ್ತದೆ ಅಂತ ಸುಮ್ನೆ ಒಂದು ಗುಂಡಿ ಒತ್ತಿದರೆ ಆಯಿತು, ನಿಮ್ಮ ಭಾವ ಕೂಡ ಒತ್ತಬಹುದು. ನಾನು ಹೇಳುತ್ತಿರುವುದು ಕೂತು ಬರೆಯುವ ರೆಕಮೆಂಡೇಶನ್.

ಈಗ ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಕುಂದಾಪುರದ ಕಡೆಯವನು. ಮುಂಬೈಯ ಫೋರ್ಟ್‌ನಲ್ಲಿ, ಸುತ್ತ ಬರೀ ಬ್ಯಾಂಕುಗಳೇ ಇರುವ ಒಂದು ಗಲ್ಲಿಯ ಹೋಟೆಲಿಗೆ ಚಿಕ್ಕ ವಯಸ್ಸಿನಲ್ಲೇ ಬಂದ. ಹಗಲು ಕೆಲಸ, ಸಂಜೆ ಕಾಲೇಜು. ಫೋರ್ಟ್‌ನ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ನಮ್ಮ ಹಿರಿಯರ ದಾರಿಯೇ ಅದು. ಬಿಕಾಂ ಮುಗಿಸಿದ. ಟೇಬಲ್ ಒರೆಸುತ್ತಿದ್ದವನನ್ನು ಧಣಿ ಸ್ಟೋರ್ ಮತ್ತು ಖರೀದಿ ನೋಡಿಕೊಳ್ಳಲು ಹಾಕಿದರು. ಆಮೇಲೆ ಅವನಿಗೆ ದೊಡ್ಡ ಆಫೀಸುಗಳ ಕ್ಯಾಂಟೀನ್ ನಡೆಸುವ ಒಂದು ಕಂಪನಿಯಲ್ಲಿ ಕೆಲಸದ ಆಸೆ ಬಂತು. ಜಾಗ ನವಿ ಮುಂಬೈಯ ಐರೋಲಿಯಲ್ಲಿ. ಧಣಿ ಬೇಡ ಅನ್ನಲಿಲ್ಲ, "ಹೋಗು, ಮುಂದೆ ಬಾ" ಅಂದರು. ಅಂಥವರು ಸಿಗುವುದು ಪುಣ್ಯ.

ಧಣಿಯ ಮಗಳು ಅಪ್ಪನ ಮೊಬೈಲ್‌ನಲ್ಲಿ ಲಿಂಕ್ಡ್‌ಇನ್ ಖಾತೆ ತೆರೆದಳು, ಹುಡುಗನ ಖಾತೆಗೆ ಜೋಡಿಸಿದಳು, ಅಂದರೆ ಕನೆಕ್ಟ್ ಮಾಡಿದಳು. ಜೋಡಿಸಿಕೊಳ್ಳದೆ ರೆಕಮೆಂಡೇಶನ್ ಬರೆಯಲು ಆಗುವುದಿಲ್ಲ, ಇದು ಗೊತ್ತಿರಲಿ. ನಾನು ಅಲ್ಲಿ ತಿಂಡಿಗೆ ಹೋಗುವವಳು. "ಮೇಡಂ, ಇದೊಂದು ಓದಿ, ಸರಿ ಉಂಟಾ ಹೇಳಿ" ಅಂತ ಗಲ್ಲಾದಲ್ಲಿ ಕೂತೇ ಮೊಬೈಲ್ ನನ್ನ ಕೈಗೆ ಕೊಟ್ಟರು. ಓದಿದೆ. ತುಂಬ ಒಳ್ಳೆಯ ಹುಡುಗ, ನಂಬಿಕೆಗೆ ಅರ್ಹ, ದೇವರು ಅವನಿಗೆ ಒಳ್ಳೆಯದು ಮಾಡಲಿ. ಅಷ್ಟೇ.

ಆಶೀರ್ವಾದ ದೊಡ್ಡದೇ. ಆದರೆ ಐರೋಲಿಯಲ್ಲಿ ಕೂತು ಓದುವವರಿಗೆ ಇದರಿಂದ ಏನು ಗೊತ್ತಾಗಬೇಕು? ನಾನು ಕೇಳಿದೆ, "ಧಣಿ, ನಾಳೆಯಿಂದ ಇವನು ಬರದಿದ್ದರೆ ನಿಮ್ಮ ಯಾವ ಕೆಲಸ ನಿಲ್ಲುತ್ತದೆ?"

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಹಿಟ್ಟಿನ ಲೆಕ್ಕ" ಅಂದರು. ಗ್ರೈಂಡರ್ ಪಕ್ಕದ ಗೋಡೆಗೆ ಕೈ ತೋರಿಸಿದರು. ಅಲ್ಲೊಂದು ಕ್ಯಾಲೆಂಡರ್, ಮೈತುಂಬ ಕೆಂಪು ಪೆನ್ನಿನ ಗುರುತು.

ಏನಾಗುತ್ತಿತ್ತು ಅಂದರೆ, ಆ ಹೋಟೆಲಿನ ಗಿರಾಕಿ ಅಂದರೆ ಬ್ಯಾಂಕಿನವರು. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೇ, ನಾಲ್ಕನೇ ಶನಿವಾರ ರಜೆ. ಉಳಿದ ಶನಿವಾರ ಪೂರ್ತಿ ಕೆಲಸ. ಒಂದು ಶನಿವಾರ ಇಡ್ಲಿ ಸಾಲದು, ಮುಂದಿನ ಶನಿವಾರ ಕೇಳುವವರಿಲ್ಲ. ಭಟ್ಟರು ಮಾತ್ರ ಯಾವಾಗಲೂ ಒಂದೇ ಅಳತೆಯಲ್ಲಿ ಅಕ್ಕಿ ಉದ್ದು ನೆನೆಹಾಕುತ್ತಿದ್ದರು. ಭಾನುವಾರ ಹೋಟೆಲ್ ಮುಚ್ಚಿರುತ್ತದೆ. ಸೋಮವಾರ ಬಂದು ನೋಡಿದರೆ ಹಿಟ್ಟು ಹುಳಿ ಬಂದಿರುತ್ತಿತ್ತು, ಚೆಲ್ಲುವುದು. ಎಲ್ಲರೂ ನೋಡುತ್ತಿದ್ದರು, ಎಲ್ಲರೂ ಬೇಜಾರು ಮಾಡಿಕೊಳ್ಳುತ್ತಿದ್ದರು.

ಈ ಹುಡುಗ ಮೊದಲು ಭಟ್ಟರ ಹತ್ತಿರ ಹೋದ. "ನಂಗೆ ಹೇಳಿಕೊಡ್ತೀಯಾ?" ಅಂತ ಬೈಸಿಕೊಂಡು ಬಂದ. ಆಮೇಲೆ ಬಾಯಿ ಮುಚ್ಚಿಕೊಂಡು ಬರೀ ಅಳೆದ. ಕೆಲವು ವಾರ, ಎಷ್ಟು ಹಿಟ್ಟು ಉಳಿಯಿತು ಅಂತ ದಿನಾ ನೋಟ್‌ಬುಕ್ಕಿನಲ್ಲಿ ಬರೆದ. ಬ್ಯಾಂಕ್ ರಜೆಗಳ ಪಟ್ಟಿ ತಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ. ಅದರಲ್ಲೂ ಅವನ ಜಾಣತನ ನೋಡಿ. ಏಪ್ರಿಲ್ 1 ಬ್ಯಾಂಕಿನ ರಜೆಯ ಪಟ್ಟಿಯಲ್ಲಿ ಇರುತ್ತದೆ. ಆದರೆ ಅದು ಗಿರಾಕಿಗಳಿಗೆ ಮಾತ್ರ. ಒಳಗೆ ಸಿಬ್ಬಂದಿ ವರ್ಷದ ಲೆಕ್ಕ ಮುಗಿಸುತ್ತಿರುತ್ತಾರೆ, ಅವರಿಗೆ ತಿಂಡಿ ಬೇಕೇ ಬೇಕು. ಆ ದಿನಕ್ಕೆ ಅವನು ಬೇರೆ ಗುರುತು ಹಾಕಿದ್ದ. ನೋಟ್‌ಬುಕ್ ತೋರಿಸಿದ ಮೇಲೆ ಭಟ್ಟರು ಏನೂ ಅನ್ನಲಿಲ್ಲ. ಬರ್ತಾ ಬರ್ತಾ ಸಂಜೆಯಾದರೆ ಅವರೇ ಕೂಗಿ ಕೇಳುತ್ತಿದ್ದರಂತೆ, "ಏ ಮಾಣಿ, ನಾಳೆಗೆ ಎಷ್ಟು ಕಿಲೋ?"

ನಾನು ಹೇಳಿದೆ, ಧಣಿ, ಇದನ್ನೇ ಬರೆಯಿರಿ. "ಇದೆಂತ ಮೇಡಂ, ಹಿಟ್ಟಿನ ವಿಷಯ ಕಂಪನಿಯವರಿಗೆ ಎಂತಕ್ಕೆ?" ಅಂದರು. ಅದೇ ಬೇಕು ಅಂದೆ. ಅವರು ಕನ್ನಡದಲ್ಲಿ ಹೇಳಿದರು, ಮಗಳು ಸರಳ ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಅದರ ಸಾರ ಇಷ್ಟು: "ಈತ ನಮ್ಮ ಹೋಟೆಲಿನ ಸ್ಟೋರ್ ಮತ್ತು ಖರೀದಿ ನೋಡಿಕೊಳ್ಳುತ್ತಿದ್ದ. ಬ್ಯಾಂಕ್ ರಜೆಯ ಶನಿವಾರ ನಮ್ಮ ಇಡ್ಲಿ ಹಿಟ್ಟು ಉಳಿದು ಹಾಳಾಗುತ್ತಿತ್ತು. ಈತ ಉಳಿದದ್ದನ್ನು ಅಳೆದು ಬರೆದಿಟ್ಟ. ಆಮೇಲೆ ರಜೆ ನೋಡಿಕೊಂಡು, ಎಷ್ಟು ಅಕ್ಕಿ ನೆನೆಹಾಕಬೇಕು ಅಂತ ಮುಂಚೆಯೇ ಹೇಳತೊಡಗಿದ. ಈಗ ಸೋಮವಾರ ನಾವು ಹಿಟ್ಟು ಚೆಲ್ಲುವುದಿಲ್ಲ. ಅಡುಗೆಯವರ ಜೊತೆ ಜಗಳ ಆಡದೆ ಇದನ್ನು ಮಾಡಿದ."

ಆರು ವಾಕ್ಯ. ಒಳ್ಳೆಯವನು ಅನ್ನುವ ಮಾತೇ ಇಲ್ಲ. ಆದರೆ ಹುಡುಗ ಎಂಥವನು ಅಂತ ನಿಮಗೆ ಗೊತ್ತಾಯಿತೋ ಇಲ್ಲವೋ? ಐರೋಲಿಯಲ್ಲಿ ಸಂದರ್ಶನಕ್ಕೆ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ ಹಿಟ್ಟಿನದು. ಊಟ ಉಳಿದು ಹಾಳಾಗುವುದು ಕ್ಯಾಂಟೀನ್ ನಡೆಸುವವರ ದಿನದ ತಲೆನೋವು ತಾನೇ. ಕೆಲಸ ಸಿಕ್ಕಿತು. ಮಾಡಿದ ಒಂದು ಕೆಲಸ ಹೇಳಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಹುಡುಗನ ಕಥೆಗೆ ಸಮಯ ಜಾಸ್ತಿ ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಯಾರನ್ನು ಕೇಳಬೇಕು? ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರನ್ನು. ಕಂಪನಿಯ ದೊಡ್ಡ ಸಾಹೇಬರ ಹೆಸರು ಇರಲಿ ಅನ್ನುವ ಆಸೆ ಬಿಡಿ. ಅವರಿಗೆ ನಿಮ್ಮ ಮುಖವೇ ನೆನಪಿರುವುದಿಲ್ಲ, ಮತ್ತೆ ಅದೇ ಸಿನ್ಸಿಯರ್, ಹಾರ್ಡ್‌ವರ್ಕಿಂಗ್ ಬರುತ್ತದೆ. ನೇರವಾಗಿ ನಿಮ್ಮ ಮೇಲಿದ್ದವರು ಸಾಕು. ನಿಮ್ಮ ಕೈಕೆಳಗೆ ಕಲಿತವರು ಬರೆದರೂ ಚೆನ್ನ.

ಹೇಗೆ ಕೇಳಬೇಕು? ಮೊದಲು ಫೋನ್ ಮಾಡಿ. ಸರ್, ನಾನು ಇಂಥ ಕೆಲಸಕ್ಕೆ ಪ್ರಯತ್ನ ಮಾಡುತ್ತಿದ್ದೇನೆ, ನಾಲ್ಕು ಮಾತು ಬರೆದು ಕೊಡುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಒಪ್ಪಿದ ಮೇಲೆ ಅವರ ಪ್ರೊಫೈಲಿಗೆ ಹೋಗಿ, ಮೋರ್ ಅನ್ನುವ ಗುಂಡಿ ಒತ್ತಿ, ಅಲ್ಲಿಂದ ಕೋರಿಕೆ ಕಳಿಸಿ. ಅಲ್ಲಿರುವ ರೆಡಿಮೇಡ್ ಸಂದೇಶವನ್ನು ಹಾಗೇ ಕಳಿಸಬೇಡಿ, ದಯವಿಟ್ಟು. ನಾವು ಯಾವಾಗ ಜೊತೆಗಿದ್ದೆವು, ಯಾವ ಕೆಲಸ ಮಾಡಿದೆವು, ಈಗ ನನಗೆ ಯಾವ ಕೆಲಸ ಬೇಕು, ಈ ಮೂರು ಸಾಲು ನೀವೇ ಬರೆಯಿರಿ. ಪಾಪ, ಅವರಿಗೂ ನೂರೆಂಟು ಕೆಲಸ. ಮೂರು ವರ್ಷದ ಹಿಂದೆ ಗೋದಾಮಿನ ಸ್ಟಾಕ್ ಎಣಿಸಿದ್ದು ನಿಮಗೆ ನೆನಪಿರುತ್ತದೆ, ಅವರಿಗೆ ನೀವೇ ನೆನಪಿಸಬೇಕು. ಕೆಲಸ ಮುಗಿದ ಹೊಸತರಲ್ಲೇ ಕೇಳಿದರೆ ಇನ್ನೂ ಸುಲಭ.

"ನೀನೇ ಬರೆದು ತಾ, ನಾನು ಹಾಕುತ್ತೇನೆ" ಅನ್ನುವ ಸಾಹೇಬರು ಇದ್ದಾರೆ. ಆಗ ಹೊಗಳಿಕೆ ಬರೆದುಕೊಂಡು ಹೋಗಬೇಡಿ. ಏನು ನಡೆಯಿತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು ಅನ್ನುವುದನ್ನಷ್ಟೇ ಬರೆದು ಕೊಡಿ. ಮಾತು ಅವರದ್ದೇ ಇರಲಿ. ಎಐ ಹತ್ತಿರ ಬರೆಸುವವರಿಗೂ ಇದನ್ನೇ ಹೇಳುತ್ತೇನೆ. ನೀವು ಮಾಡಿದ ಕೆಲಸ ಅದಕ್ಕೆ ಗೊತ್ತಿಲ್ಲ. ಅದು ಬರೆಯುವುದು ಮತ್ತೆ ಅದೇ ಹೊಗಳಿಕೆ, ಸ್ವಲ್ಪ ಉದ್ದವಾಗಿ.

ಬಂದದ್ದನ್ನು ಓದದೆ ಹಾಕಿಕೊಳ್ಳಬೇಡಿ. ಯಾರಾದರೂ ಬರೆದ ಕೂಡಲೇ ಅದು ಊರಿಗೆಲ್ಲ ಕಾಣುವುದಿಲ್ಲ. ಮೊದಲು ನಿಮ್ಮ ಹತ್ತಿರ ಬರುತ್ತದೆ, ನೀವು ಒಪ್ಪಿದ ಮೇಲೆ ಪ್ರೊಫೈಲಿಗೆ ಸೇರುತ್ತದೆ. ಹುದ್ದೆಯ ಹೆಸರು ತಪ್ಪಿದ್ದರೆ ತಿದ್ದಿ ಕೊಡಿ ಅಂತ ಅಲ್ಲಿಂದಲೇ ಕೇಳಬಹುದು. ಹಳೆಯದು ಬೇಡವಾದರೆ ಮುಚ್ಚಿಡಬಹುದು.

ಇಬ್ಬರು ಗೆಳೆಯರು ಒಂದೇ ದಿನ ಒಬ್ಬರಿಗೊಬ್ಬರು ಬರೆದುಕೊಳ್ಳುವುದನ್ನು ಮಾತ್ರ ನಿಲ್ಲಿಸಿ. ತಾರೀಕು ಅಲ್ಲೇ ಕಾಣುತ್ತದೆ. ನೀವು ಪಡೆದದ್ದೂ ಕಾಣುತ್ತದೆ, ಕೊಟ್ಟದ್ದೂ ಕಾಣುತ್ತದೆ. ನಾವು ಎರಡನ್ನೂ ನೋಡುತ್ತೇವೆ.

ಇನ್ನು ಬರೆಯುವ ಹಿರಿಯರಿಗೆ. ನಿಮ್ಮ ಇಂಗ್ಲಿಷ್ ಸರಳ ಇದ್ದರೆ ಅಷ್ಟೂ ಒಳ್ಳೆಯದು. ಇವರು ನಿಮಗೆ ಹೇಗೆ ಗೊತ್ತು ಅಂತ ಒಂದು ಸಾಲು. ಆಮೇಲೆ ಮಾಡಿದ ಒಂದು ಕೆಲಸ. ಆಮೇಲೆ ಅದರಿಂದ ಏನಾಯಿತು. ಅಲ್ಲಿಗೆ ನಿಲ್ಲಿಸಿ. ಗಿರಾಕಿಯ ಹೆಸರು, ವ್ಯಾಪಾರದ ಮೊತ್ತ ಹಾಕಬೇಡಿ, ಅದು ಕಂಪನಿಯ ಗುಟ್ಟು. ಹೇಳಲು ಒಂದು ಕೆಲಸವೂ ನೆನಪಿಗೆ ಬರದಿದ್ದರೆ, ನಿನ್ನ ಕೆಲಸ ಹತ್ತಿರದಿಂದ ನೋಡಿದವರನ್ನು ಕೇಳಪ್ಪಾ ಅಂತ ಪ್ರೀತಿಯಿಂದ ಹೇಳಿಬಿಡಿ. ಆಗಲಿ ನೋಡೋಣ ಅಂತ ತಿಂಗಳುಗಟ್ಟಲೆ ಕಾಯಿಸಬೇಡಿ. ಆ ಹುಡುಗ ಸಂಕೋಚದಿಂದ ಮತ್ತೆ ಕೇಳುವುದಿಲ್ಲ, ಅವನ ಅರ್ಜಿಯ ಕೊನೆಯ ದಿನ ದಾಟಿ ಹೋಗುತ್ತದೆ.

ಯಾರೂ ಕೇಳದಿದ್ದರೂ ನೀವಾಗಿಯೇ ಬರೆಯಬಹುದು. ಅದೇ ಮೋರ್ ಗುಂಡಿಯ ಒಳಗೆ ರೆಕಮೆಂಡ್ ಅಂತ ಇದೆ. ನಿಮ್ಮ ಕೈಕೆಳಗೆ ಕೆಲಸ ಮಾಡಿ ಹೋದ ಒಬ್ಬರನ್ನು ನೆನಪಿಸಿಕೊಳ್ಳಿ. ಅವರು ಮಾಡಿದ ಯಾವ ಕೆಲಸ ಮೊದಲು ಕಣ್ಣ ಮುಂದೆ ಬರುತ್ತದೋ ಅದನ್ನು ಇವತ್ತೇ ಬರೆದು ಕಳಿಸಿ. ನಮಸ್ಕಾರ.