ಮ್ಯಾನೇಜರ್ ಮೇಲಿನ ನಂಬಿಕೆ ಕಳಚುವ ಹೊತ್ತು

ಕೇಳುಗರಿಗೆ ನಮಸ್ಕಾರ.

ಫುಟ್ಬಾಲ್ ಪಂದ್ಯದ ಎಂಬತ್ತನೇ ನಿಮಿಷ. ತವರು ತಂಡ ಒಂದು ಗೋಲಿನಿಂದ ಹಿಂದಿದೆ. ಅಂಕಣದ ಅಂಚಿನಲ್ಲಿ, ಯಾವ ಆಟಗಾರ ಹೊರಗೆ ಬರಬೇಕೆಂದು ತೋರಿಸುವ ಬೋರ್ಡು ಮೇಲೇಳುತ್ತದೆ. ಅದರಲ್ಲಿ ಕೆಂಪಗೆ ಹೊಳೆಯುವುದು, ಅಲ್ಲಿಯವರೆಗೆ ಎದುರಾಳಿಗಳನ್ನು ಕಾಡಿದ್ದ ಒಬ್ಬನೇ ಒಬ್ಬ ವಿಂಗರ್‌ನ, ಅಂದರೆ ಅಂಕಣದ ಅಂಚಿನಲ್ಲಿ ಓಡಿ ಆಡುವ ಆಟಗಾರನ ನಂಬರು. ಅವನು ತಲೆ ತಗ್ಗಿಸಿ ಹೊರಗೆ ನಡೆಯುತ್ತಿದ್ದಂತೆ ಸ್ಟ್ಯಾಂಡಿನಿಂದ ಒಂದು ಕೂಗು ಏಳುತ್ತದೆ. ಗೋಲು ಬಿಟ್ಟಾಗ ಏಳುವ ಉದ್ಗಾರಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ನಮಗೆಲ್ಲ ಕಾಣುವುದು ತಂಡವನ್ನು ಆಡಿಸುವ ಈ ಮ್ಯಾನೇಜರ್‌ಗೇಕೆ ಕಾಣುತ್ತಿಲ್ಲ ಎಂಬ ಸಂಕಟ ಅದರಲ್ಲಿರುತ್ತದೆ.

ಫುಟ್ಬಾಲ್ ಅಭಿಮಾನಿಗಳಿಗೆ ತಾಳ್ಮೆಯಿಲ್ಲ, ನಾಲ್ಕು ಪಂದ್ಯ ಸೋತರೆ ಮ್ಯಾನೇಜರ್ ತಲೆದಂಡ ಕೇಳುತ್ತಾರೆ ಎನ್ನುವ ಮಾತಿದೆ. ನನಗದು ಒಪ್ಪಿಗೆಯಿಲ್ಲ. ಸಣ್ಣ ಕ್ಲಬ್ಬುಗಳ ಬೆಂಬಲಿಗರು ಜೀವಮಾನವಿಡೀ ಸೋಲು ನೋಡುತ್ತಾರೆ, ಆದರೂ ಮುಂದಿನ ವಾರ ಮಳೆಯಲ್ಲಿ ನೆನೆಯುತ್ತ ಬಂದು ನಿಲ್ಲುತ್ತಾರೆ. ಅವರಿಗೆ ತಡೆಯಲಾಗದ್ದು ಬೇರೆಯದೇ. ತಂಡ ಏನು ಮಾಡಲು ಹೊರಟಿದೆ ಎಂಬುದೇ ತಿಳಿಯದೆ ಹೋದಾಗ ನಂಬಿಕೆ ಕಳಚುತ್ತದೆ.

2014ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ತವರು ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ನಡೆದ ಪಂದ್ಯವನ್ನೇ ನೋಡಿ. ಮ್ಯಾಂಚೆಸ್ಟರ್ ಯುನೈಟೆಡ್ ಹಿಂದಿನ ವರ್ಷವಷ್ಟೇ 11 ಅಂಕಗಳ ಅಂತರದಲ್ಲಿ ಚಾಂಪಿಯನ್ ಆಗಿತ್ತು. ಈಗ ಡೇವಿಡ್ ಮಾಯ್ಸ್ ಮ್ಯಾನೇಜರ್. ಎದುರಿಗಿದ್ದದ್ದು ಲೀಗ್ ಪಟ್ಟಿಯ ತಳದಲ್ಲಿದ್ದ ಫುಲ್‌ಹ್ಯಾಮ್. ಆ ದಿನ ಯುನೈಟೆಡ್ ಆಟಗಾರರು ಅಂಚಿನಿಂದ ಪೆನಾಲ್ಟಿ ಬಾಕ್ಸಿನೊಳಕ್ಕೆ ಹಾಕಿದ ಕ್ರಾಸ್‌ಗಳು 81! ಎಡದಿಂದ ಒಂದು, ಬಲದಿಂದ ಒಂದು, ಮತ್ತೆ ಎಡದಿಂದ. ಫುಲ್‌ಹ್ಯಾಮ್‌ನ ರಕ್ಷಕರು ನಿಂತಲ್ಲೇ ತಲೆಯಿಂದ ಚೆಂಡನ್ನು ಆಚೆಗೆ ಅಟ್ಟುತ್ತಿದ್ದರು. ಎರಡು ಗೋಲು ಬಂದವು, ನಿಜ. ಆದರೆ ಕೊನೆಗಳಿಗೆಯಲ್ಲಿ ಫುಲ್‌ಹ್ಯಾಮ್ ಸಮ ಮಾಡಿಕೊಂಡಿತು, 2-2. ಇನ್ನೊಂದು ದಾರಿಯೇ ಈ ತಂಡಕ್ಕೆ ಗೊತ್ತಿಲ್ಲ ಎಂಬುದು ಸಾವಿರಾರು ಜನರಿಗೆ ಒಟ್ಟಿಗೇ ಹೊಳೆದ ದಿನ ಅದು. ಮಾರ್ಚಿನಲ್ಲಿ ಮಾಯ್ಸ್ ಹೋಗಲಿ ಎಂಬ ಬ್ಯಾನರ್ ಹೊತ್ತ ಪುಟ್ಟ ವಿಮಾನವೊಂದು ಮೈದಾನದ ಮೇಲೆ ಹಾರಿತು. ಕೆಳಗಿದ್ದ ಅಭಿಮಾನಿಗಳು ಆ ವಿಮಾನಕ್ಕೇ ಛೀಮಾರಿ ಹಾಕಿದರು ಎನ್ನುವುದನ್ನೂ ಮರೆಯಬಾರದು. ನಂಬಿಕೆ ಹೋದ ಮೇಲೂ ಮನುಷ್ಯನನ್ನು ಹಾಗೆ ಅವಮಾನಿಸಲು ಅವರು ಸಿದ್ಧರಿರಲಿಲ್ಲ. ಏಪ್ರಿಲ್ 22ಕ್ಕೆ ಕ್ಲಬ್ಬೇ ಅವರನ್ನು ಮನೆಗೆ ಕಳಿಸಿತು. ಆರು ವರ್ಷದ ಒಪ್ಪಂದದಲ್ಲಿ ಹತ್ತು ತಿಂಗಳೂ ತುಂಬಿರಲಿಲ್ಲ.

ಹಾಗಾದರೆ ಸ್ಟ್ಯಾಂಡಿನ ತೀರ್ಪು ಯಾವಾಗಲೂ ಸರಿಯೇ? ಇಲ್ಲ. ಅದೇ ಓಲ್ಡ್ ಟ್ರಾಫರ್ಡ್‌ನಲ್ಲಿ 1989ರ ಡಿಸೆಂಬರಿನಲ್ಲಿ ಹಾಸಿಗೆಯ ಬಟ್ಟೆಯ ಮೇಲೆ ಬರೆದ ಬ್ಯಾನರ್ ಎದ್ದಿತ್ತು. ಮೂರು ವರ್ಷ ನೆಪ ಕೇಳಿದ್ದಾಯಿತು, ಇನ್ನು ಹೊರಡು ಎಂಬ ಅರ್ಥದ ಬರಹ. ಅದು ಅಂದಿನ ಮ್ಯಾನೇಜರ್ ಅಲೆಕ್ಸ್ ಫರ್ಗ್ಯೂಸನ್ ಅವರನ್ನು ಕುರಿತದ್ದು. ಆ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು 5-1ರ ಸೋಲು ಕಂಡವರ ಸಿಟ್ಟು ಸುಳ್ಳಾಗಿರಲಿಲ್ಲ. ಆದರೆ ಪಂದ್ಯದ ದಿನ ಕಾಣದ ಕೆಲಸವೊಂದು ಒಳಗೆ ನಡೆಯುತ್ತಿತ್ತು. ಪ್ರತಿಭೆ ಹುಡುಕುವವರ ಜಾಲವನ್ನು ಫರ್ಗ್ಯೂಸನ್ ಹೊಸದಾಗಿ ಕಟ್ಟಿದ್ದರು. ಮುಂದೆ ಕ್ಲಬ್ಬಿನ ದೊಡ್ಡ ಆಟಗಾರನಾದ ರಯಾನ್ ಗಿಗ್ಸ್ ಎಂಬ ಹುಡುಗ 14ನೇ ವಯಸ್ಸಿನಲ್ಲೇ ಕ್ಲಬ್ಬಿನ ಕಡೆಗೆ ಬಂದಾಗಿತ್ತು. ಟಿಕೆಟ್ ಕೊಂಡು ಬಂದವರಿಗೆ ಇದು ಕಾಣುವುದಾದರೂ ಹೇಗೆ? 1990ರಲ್ಲಿ ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್.ಎ. ಕಪ್ ಬಂತು, 1993ರಲ್ಲಿ 26 ವರ್ಷಗಳ ನಂತರ ಲೀಗ್ ಪ್ರಶಸ್ತಿ ಬಂತು. 2013ರಲ್ಲಿ ನಿವೃತ್ತರಾಗುವಾಗ ಫರ್ಗ್ಯೂಸನ್ ಹೆಸರಿನಲ್ಲಿ ಯುನೈಟೆಡ್‌ಗೆ ಗೆದ್ದುಕೊಟ್ಟ 13 ಲೀಗ್ ಪ್ರಶಸ್ತಿಗಳಿದ್ದವು.

ಇಲ್ಲಿ ಅಭಿಮಾನಿಗಳನ್ನು ದೂರುವುದು ಸುಲಭ. ನಾನು ದೂರುವುದಿಲ್ಲ. ಆಟದಲ್ಲಿ ಕಂಡದ್ದನ್ನು ಅವರು ಹೇಳಿದರು. ಆಟದಾಚೆಗಿನದನ್ನು ಅವರಿಗೆ ತಿಳಿಸಿ ಹೇಳಬೇಕಾದವರು ಕ್ಲಬ್ ನಡೆಸುವವರು, ಮತ್ತು ಅವರು ಬಾಯಿ ಬಿಡುವುದು ಅಪರೂಪ.

ಮ್ಯಾನೇಜರನ್ನು ಬದಲಿಸಿದರೆ ಗೆಲುವು ಬರುತ್ತದೆಯೇ ಎಂಬುದಕ್ಕೆ ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ 1986ರಿಂದ 2004ರವರೆಗಿನ ತಮ್ಮ ದೇಶದ ಲೀಗನ್ನು ಜಾಲಾಡಿ ನೋಡಿದ್ದಾರೆ. ಕಿತ್ತುಹಾಕಿದ ಮೇಲೆ ತಂಡಗಳು ಚೇತರಿಸಿಕೊಂಡಿದ್ದವು. ಆದರೆ ಅಷ್ಟೇ ಕೆಟ್ಟ ಸ್ಥಿತಿಯಲ್ಲಿದ್ದೂ ಮ್ಯಾನೇಜರನ್ನು ಉಳಿಸಿಕೊಂಡ ತಂಡಗಳೂ ಹೆಚ್ಚುಕಡಿಮೆ ಹಾಗೆಯೇ ಚೇತರಿಸಿಕೊಂಡಿದ್ದವು. ಇಂಗ್ಲೆಂಡಿನಲ್ಲೂ ಇಂಥದೊಂದು ಉದಾಹರಣೆಯಿದೆ: 2021ರಲ್ಲಿ ಆರ್ಸೆನಲ್ ಸೀಸನ್‌ನ ಮೊದಲ ಮೂರು ಪಂದ್ಯವನ್ನೂ ಒಂದೇ ಒಂದು ಗೋಲು ಹೊಡೆಯದೆ ಸೋತು ಪಟ್ಟಿಯ ತಳ ಸೇರಿತ್ತು. ಮ್ಯಾನೇಜರ್ ಮಿಕೆಲ್ ಆರ್ಟೆಟಾ ಅವರನ್ನು ಕ್ಲಬ್ ಕೈಬಿಡಲಿಲ್ಲ. ಮರುವರ್ಷದ ಸೀಸನ್‌ನಲ್ಲಿ ಆರ್ಸೆನಲ್ ಎರಡನೇ ಸ್ಥಾನಕ್ಕೇರಿತು.

ನನ್ನನ್ನು ಹೆಚ್ಚು ನೋಯಿಸುವುದು ಬ್ಲ್ಯಾಕ್‌ಬರ್ನ್ ರೋವರ್ಸ್ ಕಥೆ. 1995ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆಗಿದ್ದ ಕ್ಲಬ್ ಅದು. 2010ರ ನವೆಂಬರಿನಲ್ಲಿ ಭಾರತದ ಕೋಳಿ ಉದ್ಯಮದ ವೆಂಕೀಸ್ ಅದನ್ನು ಕೊಂಡಿತು. ಮರುತಿಂಗಳೇ, ತಂಡ 13ನೇ ಸ್ಥಾನದಲ್ಲಿದ್ದಾಗ, ಅನುಭವಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಅವರನ್ನು ತೆಗೆದು ಸ್ಟೀವ್ ಕೀನ್ ಅವರನ್ನು ಕೂರಿಸಲಾಯಿತು. ಮುಂದಿನ ಸೀಸನ್ ಪೂರ್ತಿ ಕೀನ್ ಕಿವಿಗೆ ಬಿದ್ದದ್ದು, ಹೊರಡು ಎಂಬ ಕೂಗೇ. ಪ್ರತಿ ವಾರ ಸ್ವಂತ ಮೈದಾನದಲ್ಲೇ ಅದನ್ನು ಕೇಳುತ್ತ ನಿಂತವರ ಪಾಡು ಯೋಚಿಸಿ. ಆದರೂ ಅಲ್ಲಿನ ಜನಕ್ಕೆ ಮೂಲ ಎಲ್ಲಿದೆ ಎಂಬುದು ಗೊತ್ತಿತ್ತು. 2012ರ ಮೇ ತಿಂಗಳಲ್ಲಿ, ಮೊದಲ ದರ್ಜೆಯ ಪ್ರೀಮಿಯರ್ ಲೀಗಿನಿಂದ ತಂಡ ಹೊರಬಿದ್ದ ರಾತ್ರಿ, ಯಾರೋ ಕ್ಲಬ್ಬಿನ ಬಾವುಟ ಹೊದಿಸಿದ ಕೋಳಿಯೊಂದನ್ನು ಮೈದಾನಕ್ಕೆ ಬಿಟ್ಟರು. ಅದು ಕೀನ್ ಅವರಿಗೆ ಕಳಿಸಿದ ಸಂದೇಶವಾಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಕೀನ್ ಹೊರಟರು. ಅವರ ನಂತರ ಬಂದ ಹೆನಿಂಗ್ ಬರ್ಗ್ ಉಳಿದದ್ದು 57 ದಿನ, ಮೈಕಲ್ ಆ್ಯಪಲ್ಟನ್ 67 ದಿನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಹಂಗಾಮಿಗಳನ್ನೂ ಸೇರಿಸಿದರೆ ಒಂದೇ ಸೀಸನ್‌ನಲ್ಲಿ ಐವರು ಆ ಕುರ್ಚಿಯಲ್ಲಿ ಕೂತೆದ್ದರು, ತಂಡ ಎರಡನೇ ದರ್ಜೆಯ ಲೀಗಿನಲ್ಲಿ 17ನೇ ಸ್ಥಾನಕ್ಕೆ ಬಂದು ನಿಂತಿತು. 2017ರಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯಿತು. ಅಷ್ಟೂ ವರ್ಷ ಮಾಲೀಕರು ಮಾತ್ರ ಬದಲಾಗಲಿಲ್ಲ.

ನಮಸ್ಕಾರ.