ಎರಡನೇ ವರ್ಷ ಫೋನ್ ಎತ್ತೋರು ಯಾರು?

ನಮಸ್ಕಾರ. ಇವತ್ತಿನ ಮಾತು ಸ್ವಲ್ಪ ಖಾರ ಇರುತ್ತೆ, ಪೂರ್ತಿ ಕೇಳಿ.

ಮೈಸೂರು, ಮಂಡ್ಯ ಕಡೆ ಸಣ್ಣ ಕಾರ್ಖಾನೆ, ಹೋಲ್‌ಸೇಲ್ ಅಂಗಡಿ, ಅಕ್ಕಿ ಗಿರಣಿ, ನರ್ಸಿಂಗ್ ಹೋಮ್ ನಡೆಸೋರು ಸಾಫ್ಟ್‌ವೇರ್ ವಿಷಯಕ್ಕೆ ಈಗ ಯಾರ ಮಾತು ಕೇಳ್ತಿದ್ದಾರೆ? ಯೂಟ್ಯೂಬ್‌ನಲ್ಲಿ ಚೆನ್ನಾಗಿ ಮಾತಾಡೋರದ್ದು. ಲಿಂಕ್ಡ್‌ಇನ್‌ನಲ್ಲಿ ದಿನಾ ಬೆಳಗ್ಗೆ ಪೋಸ್ಟ್ ಹಾಕೋರದ್ದು. "ಲಕ್ಷಾಂತರ ಜನ ಅವರನ್ನ ಫಾಲೋ ಮಾಡ್ತಾರೆ ಸಾರ್, ಏನೂ ಇಲ್ಲದೇನೇ ಮಾಡ್ತಾರಾ?" ಅಂತ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಬ್ಬ ಯಜಮಾನ್ರು ನನ್ನನ್ನ ಕೇಳಿದ್ರು.

ಇರುತ್ತೆ. ಕಷ್ಟದ ವಿಷಯನ ಲಕ್ಷ ಜನಕ್ಕೆ ಅರ್ಥ ಆಗೋ ಹಾಗೆ ಹೇಳೋದು ದೊಡ್ಡ ವಿದ್ಯೆ, ನನಗೆ ಅದರ ಮೇಲೆ ಗೌರವ ಇದೆ. ಆದ್ರೆ ಆ ಲಕ್ಷ ಜನರಲ್ಲಿ ಎಷ್ಟು ಜನ ತಮ್ಮ ವ್ಯಾಪಾರದ ಲೆಕ್ಕನ ಅವರ ಕೈಗೆ ಒಪ್ಪಿಸಿದ್ದಾರೆ? ಹೆಚ್ಚಿನವರು ವಿಡಿಯೋ ನೋಡಿದ್ರು, ಮೆಚ್ಚಿದ್ರು, ಅಷ್ಟೇ.

ಹಾಗಂತ ಯಜಮಾನ್ರನ್ನ ದೂರೋದು ನ್ಯಾಯ ಅಲ್ಲ. ಆಡಿಟ್ ಮಾಡೋರು ಸಿಎ ಹೌದೋ ಅಲ್ವೋ ಅಂತ ವಿಚಾರಿಸಬಹುದು. ದುಡ್ಡು ತಗೊಂಡು ಷೇರಿನ ಬಗ್ಗೆ ಸಲಹೆ ಕೊಡೋಕೆ ಷೇರುಪೇಟೆ ನಿಯಂತ್ರಿಸೋ ಸೆಬಿಯ ನೋಂದಣಿ ಬೇಕು. ಆದ್ರೆ "ನಿಮ್ಮ ಬಿಲ್ಲು, ಬಾಕಿ, ಸಂಬಳದ ಪಟ್ಟಿ ಎಲ್ಲಾನೂ ಬೇರೆ ಸಿಸ್ಟಮ್‌ಗೆ ಸಾಗಿಸಿ" ಅಂತ ಹೇಳೋಕೆ ಯಾವ ಲೈಸೆನ್ಸೂ ಬೇಡ. ಬೇರೆ ಗುರುತು ಏನೂ ಇಲ್ಲದಾಗ ಜನ ಕಣ್ಣಿಗೆ ಕಾಣೋ ನಂಬರ್ ನೋಡ್ತಾರೆ.

ಸಂತೆಪೇಟೆಯ ಒಬ್ಬ ಹೋಲ್‌ಸೇಲ್ ವ್ಯಾಪಾರಿ ಕಥೆ ಹೇಳ್ತೀನಿ. ವರ್ಷಗಳಿಂದ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಲ್ಲಿ ಬಿಲ್ ಹಾಕ್ತಿದ್ರು. ಬಹಳ ಹೆಸರಿರೋ ಒಬ್ಬರು ಇಂಟರ್ನೆಟ್ ಮೂಲಕ ಓಡೋ ಕ್ಲೌಡ್ ಸಾಫ್ಟ್‌ವೇರ್ ತಗೊಳ್ಳಿ ಅಂದ್ರು. ಡೆಮೋ ಚೆನ್ನಾಗಿತ್ತು: ಮೊಬೈಲಲ್ಲೇ ಸ್ಟಾಕು, ಮೊಬೈಲಲ್ಲೇ ಬಾಕಿ. ಹಳೇ ಬಿಲ್‌ಗಳನ್ನ ಹೊಸದಕ್ಕೆ ತರೋ ಮಾತು ಯಾರೂ ಎತ್ತಲಿಲ್ಲ. ಮಾರಾಟದ ಲೆಕ್ಕ ಕೊಡೋ ಜಿಎಸ್‌ಟಿ ರಿಟರ್ನ್, ಅಂದ್ರೆ ಜಿಎಸ್‌ಟಿಆರ್-1, ತಿಂಗಳಿಗೊಂದು ಸಲ ಸಲ್ಲಿಸೋರಿಗೆ ಮುಂದಿನ ತಿಂಗಳ 11ನೇ ತಾರೀಕು ಕೊನೆ ದಿನ. 10ರ ಸಂಜೆ ಕೂತು ನೋಡಿದ್ರೆ, ಹಳ್ಳಿ ಅಂಗಡಿಗಳಿಂದ ವಾಪಸ್ ಬಂದ ಮಾಲಿನ ಮೊತ್ತ ಕಳೆಯೋಕೆ ಬರೆದ ಕ್ರೆಡಿಟ್ ನೋಟ್‌ಗಳು ಯಾವ ಬಿಲ್‌ಗೂ ತಾಳೆ ಆಗ್ತಿಲ್ಲ. ಆಗೋದಾದ್ರೂ ಹೇಗೆ, ಬಿಲ್ ಇರೋದು ಹಳೇ ಕಂಪ್ಯೂಟರಲ್ಲಿ. ಸಲಹೆ ಕೊಟ್ಟವರಿಗೆ ಫೋನ್ ಮಾಡಿದ್ರು, ಎತ್ತಲಿಲ್ಲ. ಶಿಫಾರಸು ಮಾಡಿದ ದಿನಕ್ಕೇ ಅವರ ಕೆಲಸ ಮುಗಿದಿತ್ತು.

ಬಂದು ಕೂತವರು ಶಿವರಾಂಪೇಟೆ ಕಡೆ ಬಹಳ ವರ್ಷದಿಂದ ಅಕೌಂಟಿಂಗ್ ಸಾಫ್ಟ್‌ವೇರ್ ಸಪೋರ್ಟ್ ಮಾಡ್ಕೊಂಡಿರೋ ಒಬ್ಬರು. ಇಂಟರ್ನೆಟ್ಟಲ್ಲಿ ಅವರ ಫೋಟೋ ಕೂಡ ಸಿಗಲ್ಲ. ಬಂದವರೇ ಕೇಳಿದ್ದು: "ಅಣ್ಣ, ರಿಟರ್ನ್ ಮಾಲು ಬಂದಾಗ ಮೊದಲು ಯಾವ ಪುಸ್ತಕದಲ್ಲಿ ಬರೀತೀರಾ?" ಅಂಗಡಿಯಲ್ಲಿ ಮಾಲು ಒಳಗೂ ಬರುತ್ತೆ, ಹೊರಗೂ ಹೋಗುತ್ತೆ, ಸಾಲದ ಮೇಲೂ ಹೋಗುತ್ತೆ, ಅರ್ಧ ಪೆಟ್ಟಿಗೆ ವಾಪಸ್ಸೂ ಬರುತ್ತೆ. ಇದನ್ನ ಹತ್ತು ಅಂಗಡಿಯಲ್ಲಿ ಕೂತು ನೋಡಿದವರಿಗೆ ಮಾತ್ರ ಆ ಪ್ರಶ್ನೆ ಹೊಳೆಯುತ್ತೆ. ಈ ಕೇಳೋ ಗುಣಕ್ಕೇ ನಾನು ಅನುಭವ ಅನ್ನೋದು.

ಇದು ಸಣ್ಣ ಊರಿನ ಸಮಸ್ಯೆ ಅಂದುಕೋಬೇಡಿ. 2017ರ ಜನವರಿ 31ರಂದು, ಸಾಫ್ಟ್‌ವೇರ್ ಬರೆಯೋರು ತಮ್ಮ ಕೋಡ್ ಇಡೋ ಗಿಟ್‌ಲ್ಯಾಬ್ ಅನ್ನೋ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ಬೇರೆ ಸರ್ವರಿನಲ್ಲಿ ಕೊಡಬೇಕಿದ್ದ ಅಳಿಸೋ ಕಮಾಂಡನ್ನ ಮುಖ್ಯ ಡೇಟಾಬೇಸ್ ಇದ್ದ ಸರ್ವರಿನಲ್ಲೇ ಕೊಟ್ಟುಬಿಟ್ರು. ಸುಮಾರು 300 ಜಿಬಿ ಡೇಟಾ ಅಳಿಸಿಹೋಯ್ತು. ಬ್ಯಾಕಪ್‌ಗೆ ಅಂತ ಐದು ವ್ಯವಸ್ಥೆ ಮಾಡಿಟ್ಟಿದ್ರು, ಒಂದನ್ನೂ ನಂಬೋ ಹಾಗಿರಲಿಲ್ಲ. ಬ್ಯಾಕಪ್ ಫೇಲ್ ಆಗ್ತಿದೆ ಅಂತ ಎಚ್ಚರಿಸೋ ಇಮೇಲ್‌ಗಳೂ ಯಾರಿಗೂ ತಲುಪ್ತಿರಲಿಲ್ಲ. ಆರು ಗಂಟೆ ಮುಂಚೆ ಒಬ್ಬರು ಬೇರೆ ಕೆಲಸಕ್ಕೆ ಅಂತ ತೆಗೆದಿದ್ದ ನಕಲು ಅವರನ್ನ ಉಳಿಸ್ತು. ಆಮೇಲೆ ಅವರು ಮಾಡಿದ್ದು ನನಗೆ ಬಹಳ ಮುಖ್ಯ ಅನ್ಸುತ್ತೆ: ಏನಾಯ್ತು, ಯಾಕಾಯ್ತು ಅಂತ ಒಂದೂ ಮುಚ್ಚಿಡದೆ ಬರೆದು ಎಲ್ಲರ ಮುಂದೆ ಇಟ್ರು. "ಬ್ಯಾಕಪ್ ಇಟ್ಕೊಳ್ಳಿ" ಅಂತ ಯಾರು ಬೇಕಾದ್ರೂ ಹೇಳಬಹುದು. "ಆ ಬ್ಯಾಕಪ್ಪಿಂದ ಡೇಟಾ ವಾಪಸ್ ತೆಗೆದು ನೋಡಿದ್ದೀರಾ?" ಅಂತ ಕೇಳೋರು ಬೇಕು ನಮಗೆ.

ಇನ್ನು ಫ್ಯಾಷನ್ ವಿಷಯ. ದೊಡ್ಡ ಕಂಪನಿಗಳ ಹಾಗೆ ಒಂದು ಸಾಫ್ಟ್‌ವೇರನ್ನ ಬೇರೆ ಬೇರೆಯಾಗಿ ಓಡೋ ಸಣ್ಣ ಚೂರುಗಳಾಗಿ ಕಟ್ಟಬೇಕು, ಈ ಮೈಕ್ರೋಸರ್ವಿಸ್ ಇಲ್ಲದಿದ್ರೆ ನೀವು ಹಿಂದುಳಿದವರು ಅನ್ನೋ ಮಾತು ವರ್ಷಗಟ್ಟಲೆ ಓಡ್ತು. ಅಂಥ ದೊಡ್ಡ ಕಂಪನಿಯೇ ಆದ ಅಮೆಜಾನ್‌ನ ಪ್ರೈಮ್ ವಿಡಿಯೋ ತಂಡ, ವಿಡಿಯೋ ಗುಣಮಟ್ಟ ಪರೀಕ್ಷಿಸೋ ತಮ್ಮ ಒಂದು ಸಿಸ್ಟಮ್‌ನ ಚೂರುಗಳನ್ನೆಲ್ಲ ಒಂದೇ ಕಡೆ ಸೇರಿಸಿದ್ವಿ, ಖರ್ಚು 90 ಶೇಕಡಾಕ್ಕಿಂತ ಹೆಚ್ಚು ಇಳೀತು ಅಂತ 2023ರಲ್ಲಿ ಬರೀತು. ಅವರು ತಮ್ಮ ಸಿಸ್ಟಮ್ ಮೇಲೆ ಎಷ್ಟು ಕೆಲಸ ಬೀಳುತ್ತೆ ಅಂತ ಅಳೆದು ನೋಡಿ ನಿರ್ಧಾರ ಮಾಡಿದ್ರು. ತೂಬಿನಕೆರೆಯ ಒಂದು ಸಣ್ಣ ಘಟಕಕ್ಕೆ ಏನು ಬೇಕು ಅಂತ ಹೇಳೋರೂ ಅಲ್ಲಿಗೆ ಹೋಗಿ, ಅಳೆದು ನೋಡಿ ಹೇಳಲಿ.

ನಮ್ಮಲ್ಲಿ ಎಲ್ಲರಿಗೂ ಗೊತ್ತಿರೋ ಕನ್ಸಲ್ಟೆಂಟ್ ಒಬ್ಬರಿದ್ರು. ಹೌದು, ವಿಶ್ವೇಶ್ವರಯ್ಯನವರು. 1908ರಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನ ನುಂಗಿದ ಮೇಲೆ ಅವರನ್ನ ಅಲ್ಲಿಗೆ ಸಲಹೆಗೇ ಕರೆಸಿದ್ದು. ಅಷ್ಟು ಹೊತ್ತಿಗೆ ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿನಲ್ಲಿ 1903ರಿಂದ ಅವರ ಸ್ವಯಂಚಾಲಿತ ಗೇಟುಗಳು ನೀರು ತಡೀತಾ ನಿಂತಿದ್ವು. ಕನ್ನಂಬಾಡಿ ಕೆಲಸ ಶುರುವಾಗಿದ್ದು 1911ರಲ್ಲಿ. ಅಂದ್ರೆ, ಅನುಮಾನ ಇದ್ದವರು ಖಡಕ್‌ವಾಸ್ಲಾಗೆ ಹೋಗಿ, ಎಷ್ಟೋ ಮಳೆಗಾಲ ಕಳೆದ ಗೇಟನ್ನ ಕಣ್ಣಾರೆ ನೋಡಿ ಬರಬಹುದಿತ್ತು. ಅವರೂ ಪ್ರಖ್ಯಾತರೇ. ಆ ಖ್ಯಾತಿಯ ಹಿಂದೆ ಗೇಟು ಇತ್ತು.

ಬರೀ ವರ್ಷ ಎಣಿಸಿದ್ರೂ ಆಗಲ್ಲ, ಅದನ್ನೂ ಹೇಳಿಬಿಡ್ತೀನಿ. ದೊಡ್ಡ ಕಂಪನಿಯಲ್ಲಿ ಇಪ್ಪತ್ತು ವರ್ಷ ಇದ್ದು, ಸ್ಲೈಡ್ ಮಾಡೋದು ಬಿಟ್ಟು ಒಂದು ಸಿಸ್ಟಮ್ ಕೂಡ ಕೈಯಾರೆ ನಡೆಸದವರು ಇದ್ದಾರೆ. ಹಗಲು ಕೆಲಸ ಮಾಡಿ ರಾತ್ರಿ ವಿಡಿಯೋ ಮಾಡೋ, ಕೆಟ್ಟಿದ್ದನ್ನೂ ತೋರಿಸೋ ಒಳ್ಳೆಯವರೂ ಇದ್ದಾರೆ. ಹಾಗಾಗಿ ಇಬ್ಬರನ್ನೂ ಒಂದೇ ರೀತಿ ವಿಚಾರಿಸಿ. ನೀವು ಹಾಕಿಕೊಟ್ಟು ಎರಡು ವರ್ಷ ಆಗಿರೋ ಒಂದು ಜಾಗದ ನಂಬರ್ ಕೊಡಿ, ನಾವೇ ಮಾತಾಡ್ತೀವಿ ಅನ್ನಿ. ಅಲ್ಲಿ ಏನು ಕೆಡ್ತು, ಕೆಟ್ಟಾಗ ಯಾರು ಬಂದ್ರು ಅಂತ ತಿಳ್ಕೊಳ್ಳಿ. ನಾನು ಇದನ್ನ ತಗೊಂಡ್ರೆ ನಿಮಗೆ ಕಮಿಷನ್ ಬರುತ್ತಾ ಅಂತ ಮುಖ ನೋಡಿ ಕೇಳಿ, ಅದರಲ್ಲಿ ಸಂಕೋಚ ಬೇಡ. ಯಾವ ಗಿರಾಕಿಗೆ "ಇದು ನಿಮಗೆ ಬೇಡ" ಅಂದಿದ್ದೀರಿ ಅಂತಾನೂ ಕೇಳಿ. ಅದಕ್ಕೆ ಉತ್ತರ ಇಲ್ಲದವರ ಜೊತೆ ನಾನಾದ್ರೆ ಮುಂದುವರಿಯಲ್ಲ.

ಕೊನೆಗೆ ಕೆಲಸ ಗೊತ್ತಿದ್ದೂ ಮಾತಾಡದವರಿಗೆ ಒಂದು ಮಾತು. ಹೂಟಗಳ್ಳಿಯಲ್ಲಿ, ಮದ್ದೂರಿನಲ್ಲಿ, ಮಂಡ್ಯದ ಸೊಸೈಟಿಗಳಲ್ಲಿ ಸರ್ವರು, ಬಿಲ್ಲಿಂಗು, ನೆಟ್‌ವರ್ಕ್ ನೋಡ್ಕೊಳ್ತಿರೋರೇ, ನೀವು ಸುಮ್ಮನಿರೋದರಿಂದ ನಿಮ್ಮ ಊರಿನ ವ್ಯಾಪಾರಿಗಳಿಗೆ ನಷ್ಟ ಆಗ್ತಿದೆ. ಗಿರಾಕಿ ಹೆಸರು ಹೇಳಬೇಕಿಲ್ಲ. ಏನು ಕೆಡ್ತು, ಹೇಗೆ ಸರಿ ಮಾಡಿದ್ರಿ, ಅಷ್ಟು ಹೇಳಿ ಸಾಕು. ಕ್ಯಾಮೆರಾ ಮುಂದೆ ಕೂರೋಕೆ ಮುಜುಗರ ಆದ್ರೆ ದನಿ ಮಾತ್ರ ರೆಕಾರ್ಡ್ ಮಾಡೋಣ. ಮುಂದಿನ ಕಂತಿಂದ ಈ ಕಾರ್ಯಕ್ರಮದ ಅರ್ಧ ಹೊತ್ತು ನಿಮ್ಮದು. ನಾನು ಪ್ರಶ್ನೆ ಕೇಳ್ತೀನಿ, ನೀವು ಹೇಳಿ.