ಮರ ಅಪ್ಪಿಕೊಂಡವರು ವರದಿಗೆ ಯಾಕೆ ಹೆದರಿದರು?

ಕೇಳುಗರೇ, ನಮಸ್ಕಾರ.

1983ರ ಸೆಪ್ಟೆಂಬರ್ 8. ಶಿರಸಿ ತಾಲ್ಲೂಕಿನ ಸಾಲ್ಕಣಿ. ಊರಿನವರು ಒಟ್ಟಾಗಿ ಕಳಸೆ ಕಾಡಿಗೆ ನಡೆದರು. ಅಲ್ಲಿ ಮರ ಕಡಿಯುವ ಕೆಲಸ ನಡೆದಿತ್ತು. ಇವರು ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತುಬಿಟ್ಟರು. ಅಪ್ಪಿಕೋ ಚಳವಳಿ ಶುರುವಾಗಿದ್ದು ಹೀಗೆ.

ಅವರಿಗೆ ಇದು ದಿನನಿತ್ಯದ ಬದುಕಿನ ಪ್ರಶ್ನೆಯಾಗಿತ್ತು. ಅಡಿಕೆ ತೋಟಕ್ಕೆ ಸೊಪ್ಪು ಬೇಕು. ಕೊಟ್ಟಿಗೆಗೆ ದರಕು, ಅಂದರೆ ಒಣಗಿದ ಎಲೆ ಬೇಕು. ಬೇಸಿಗೆಯಲ್ಲೂ ಹಳ್ಳದಲ್ಲಿ ನೀರಿರಬೇಕು. ಆದರೆ ಸರ್ಕಾರ ನೂರಾರು ಜಾತಿಯ ಮರಗಳಿದ್ದ ಕಾಡನ್ನು ಕಡಿದು, ಆ ಜಾಗದಲ್ಲಿ ಬರೀ ಸಾಗುವಾನಿ ನೆಡುತ್ತಿತ್ತು. ಜನ ಅದಕ್ಕೆ ಅಡ್ಡ ನಿಂತರು. ಮುಂದೆ ಕ್ರಮೇಣ ಹಸಿಮರ ಕಡಿಯುವುದು ನಿಂತಿತು.

ಈಗ ಮೂವತ್ತು ವರ್ಷ ಮುಂದೆ ಬನ್ನಿ. 2013ರಲ್ಲಿ ಕೇಂದ್ರ ಸರ್ಕಾರದ ಸಮಿತಿಯೊಂದು ಕೊಟ್ಟ ಕಸ್ತೂರಿರಂಗನ್ ವರದಿ ಬಂತು. ಪಶ್ಚಿಮ ಘಟ್ಟ ಉಳಿಸಬೇಕು ಅನ್ನುವ ವರದಿ. ಅದೇ ಮಲೆನಾಡಿನಲ್ಲಿ ಬಂದ್ ನಡೆಯಿತು, ಮೆರವಣಿಗೆ ಹೊರಟಿತು, ವರದಿ ಬೇಡವೆಂದು ಗ್ರಾಮಸಭೆಗಳಲ್ಲಿ ಠರಾವು ಆಯಿತು. ಕಾಡಿಗಾಗಿ ಮರ ಅಪ್ಪಿಕೊಂಡ ಸೀಮೆ ಕಾಡು ಉಳಿಸುವ ವರದಿಗೆ ಹೆದರಿದ್ದು ಯಾಕೆ? ಈ ಪ್ರಶ್ನೆ ನನ್ನನ್ನು ತುಂಬಾ ಕಾಡಿದೆ.

'ಜನ ಬದಲಾದರು, ಆಸೆ ಜಾಸ್ತಿಯಾಯಿತು' ಅನ್ನುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಬದಲಾಗಿದ್ದು ತೀರ್ಮಾನ ಮಾಡುವ ಜಾಗ.

1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಬಂತು. ಅಲ್ಲಿಯವರೆಗೆ ರಾಜ್ಯದ ಕೈಯಲ್ಲಿದ್ದ ಅರಣ್ಯ ವಿಷಯ ಸಮವರ್ತಿ ಪಟ್ಟಿಗೆ ಹೋಯಿತು. ಅಂದರೆ ಕೇಂದ್ರವೂ ಅದರ ಮೇಲೆ ಕಾನೂನು ಮಾಡಬಹುದಾಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಭೋಪಾಲ್ ದುರಂತ ಆದಮೇಲೆ, 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಇವೆಲ್ಲ ಬೇಕಾದ ಕಾನೂನುಗಳೇ. ಇವು ಇಲ್ಲದಿದ್ದರೆ ಎಷ್ಟೋ ಕಾಡು ಇಷ್ಟು ಹೊತ್ತಿಗೆ ಅಣೆಕಟ್ಟು, ಗಣಿಗಳ ಪಾಲಾಗುತ್ತಿತ್ತು. ಆದರೆ ಯಾವ ಊರು ಪರಿಸರದ ದೃಷ್ಟಿಯಿಂದ 'ಸೂಕ್ಷ್ಮ ಪ್ರದೇಶ' ಅಂತ ಘೋಷಿಸುವ ಅಧಿಕಾರ ದಿಲ್ಲಿಗೆ ಹೋಯಿತು. ಊರಿಗೆ ಉಳಿದಿದ್ದು ಆಕ್ಷೇಪಣೆ ಬರೆದು ಕಳಿಸುವ ಅವಕಾಶ. ಅದಕ್ಕೂ 60 ದಿನದ ಗಡುವು.

ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರಿಗೆ ಇದು ಗೊತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅವರು 1970ರ ದಶಕದಲ್ಲೇ ಉತ್ತರ ಕನ್ನಡದ ಬಿದಿರು ಅಧ್ಯಯನ ಮಾಡಿದವರು. ಬಿದಿರು ಕಡಿಮೆಯಾಗಲು ಹಳ್ಳಿಯವರೇ ಕಾರಣ ಅನ್ನುವ ಮಾತಿತ್ತು. ಅವರು ಕಂಡದ್ದು ಬೇರೆ. ಹಳ್ಳಿಯವರು ಬಿದಿರು ಕಡಿಯುವಾಗ ಮೆಳೆಯ ಬುಡದ ಮುಳ್ಳನ್ನು ಹಾಗೇ ಬಿಡುತ್ತಿದ್ದರು. ಕಾಗದದ ಕಾರ್ಖಾನೆಗೆ ಕಡಿಯುವವರು ಅದನ್ನು ಸವರಿಹಾಕುತ್ತಿದ್ದರು. ಮುಳ್ಳಿನ ಕಾವಲಿಲ್ಲದೆ ಎಳೆಯ ಕಳಲೆಯೆಲ್ಲ ದನ, ಕಾಡುಪ್ರಾಣಿಗಳ ಬಾಯಿಗೆ ಹೋಗುತ್ತಿತ್ತು. 2011ರಲ್ಲಿ ತಮ್ಮ ಸಮಿತಿಯ ಪಶ್ಚಿಮ ಘಟ್ಟದ ವರದಿ ಕೊಟ್ಟಾಗಲೂ ಗಾಡ್ಗೀಳರು ಅದನ್ನು ಜನರ ಭಾಷೆಯಲ್ಲಿ ಗ್ರಾಮಸಭೆಗಳ ಮುಂದಿಡಬೇಕು, ಊರಿನವರ ಮಾತು ಕೇಳಿಯೇ ಕೊನೆಯ ತೀರ್ಮಾನ ಮಾಡಬೇಕು ಅಂದರು. ಆದದ್ದೇನು? ವರದಿಯನ್ನೇ ತಿಂಗಳುಗಟ್ಟಲೆ ಮುಚ್ಚಿಟ್ಟರು. ಮಾಹಿತಿ ಹಕ್ಕಿನಡಿ ಹೋರಾಡಿದ ಮೇಲೆ 2012ರಲ್ಲಿ ಹೊರಬಂತು. ಅಷ್ಟರಲ್ಲಿ ಗಾಳಿಸುದ್ದಿ ಊರೂರು ಸುತ್ತಿಯಾಗಿತ್ತು.

ಆ ವರದಿಯನ್ನು ಪರಿಶೀಲಿಸಲು ಆಮೇಲೆ ಬಂದ ಕಸ್ತೂರಿರಂಗನ್ ಸಮಿತಿ ಉಪಗ್ರಹದ ಚಿತ್ರ ನೋಡಿ ಸೂಕ್ಷ್ಮ ಪ್ರದೇಶದ ಗೆರೆ ಎಳೆಯಿತು. ಘಟ್ಟದ ಸುಮಾರು ಶೇಕಡ 37ರಷ್ಟು ಭಾಗ ಆ ಗೆರೆಯೊಳಗೆ ಬಂತು. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್, ಒಂದೂವರೆ ಸಾವಿರಕ್ಕೂ ಜಾಸ್ತಿ ಹಳ್ಳಿ. ಅಲ್ಲಿ ಬೇಡ ಅಂದದ್ದು ಗಣಿ, ಕಲ್ಲುಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಲಿನ ಮಾಡುವ ಕಾರ್ಖಾನೆ, ದೊಡ್ಡ ದೊಡ್ಡ ಕಟ್ಟಡ, ಲೇಔಟ್. ಗದ್ದೆ ಉಳಬೇಡಿ, ಮನೆ ಕಟ್ಟಬೇಡಿ ಅಂತ ಹೇಳಿರಲಿಲ್ಲ. ಆದರೂ ಜನ ಕೇಳಿಸಿಕೊಂಡದ್ದು ಒಂದೇ: 'ನಮ್ಮನ್ನ ಒಕ್ಕಲೆಬ್ಬಿಸ್ತಾರೆ.'

ಈ ಹೆದರಿಕೆಯನ್ನು ಸುಮ್ನೆ ತಳ್ಳಿಹಾಕಬೇಡಿ. ಕ್ವಾರಿ, ರೆಸಾರ್ಟ್‌ನವರು ಅದಕ್ಕೆ ಗಾಳಿ ಹಾಕಿದ್ದು ನಿಜ. ಆದರೆ ಕಿಡಿ ಮೊದಲೇ ಇತ್ತು. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಶರಾವತಿ ಕಣಿವೆಯ ಜನ ಮನೆ, ತೋಟ, ಗದ್ದೆ ಎಲ್ಲ ಬಿಟ್ಟು ಹೊರಟರು. ಅವರನ್ನು ಬೇರೆ ಕಡೆ ಕಾಡಿನ ಜಾಗದಲ್ಲಿ ಕೂರಿಸಿದರು. ಆ ಜಾಗಕ್ಕೆ ಹಕ್ಕುಪತ್ರ ಕೇಳುತ್ತಾ ಅವರ ಮೊಮ್ಮಕ್ಕಳು ಇವತ್ತಿಗೂ ಕಚೇರಿ ಅಲೆಯುತ್ತಿದ್ದಾರೆ. ಅರಣ್ಯ ಇಲಾಖೆಯ ಲೆಕ್ಕದಲ್ಲಿ ಅದು ಕಾಡು, ಇವರ ಲೆಕ್ಕದಲ್ಲಿ ಮನೆ. ಅಂಥ ಮನೆಗೆ ಹೊಸ ನಕ್ಷೆಯೊಂದು ಬಂದರೆ ಯಾರಿಗೆ ತಾನೇ ಧೈರ್ಯ ಇರುತ್ತದೆ, ಅಲ್ವಾ?

ಪಕ್ಷಗಳಿಗೆ ಈ ಹೆದರಿಕೆ ಸಲೀಸಾಯಿತು. ಅಧಿಕಾರದಲ್ಲಿ ಯಾರೇ ಇರಲಿ, ಕರ್ನಾಟಕದ ಸರ್ಕಾರಗಳು ವರದಿ ಬೇಡ ಅಂದವು. 2014ರಿಂದ ದಿಲ್ಲಿ ಕರಡು ಅಧಿಸೂಚನೆ ಹೊರಡಿಸುತ್ತಲೇ ಇದೆ. ಅವಧಿ ಮುಗಿದು ಕರಡು ಬಿದ್ದುಹೋಗುತ್ತದೆ, ಮತ್ತೆ ಹೊಸತು ಬರುತ್ತದೆ. ಆರನೆಯದು ಬಂದದ್ದು 2024ರ ಜುಲೈ 31ಕ್ಕೆ. ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಸತ್ತ ಮಾರನೇ ದಿನ. ಅದಕ್ಕೆ ಎರಡು ವಾರ ಮುಂಚೆ ನಮ್ಮದೇ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿತ್ತು. ಆ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮತ್ತೆ ಬೇಡ ಅಂದಿತು.

ನನಗೆ ಸಂಕಟ ಆಗುವುದು ಇಲ್ಲೇ. ಬೇಡ ಅನ್ನುವ ಮುಂಚೆ ಆ ಹಳ್ಳಿಗಳಲ್ಲಿ ಕೂತು, ನಕ್ಷೆಯನ್ನು ಕನ್ನಡದಲ್ಲಿ ಬಿಡಿಸಿಟ್ಟು, 'ನಿಮ್ಮ ಹಳ್ಳದ ನೀರಿನ ಮೂಲ ಯಾವುದು, ಎಲ್ಲಿ ಕ್ವಾರಿ ಬೇಡ' ಅಂತ ಕೇಳಬಹುದಿತ್ತು. ಕೇಳಿದ್ದರೆ ಜನ ಏನು ಹೇಳುತ್ತಿದ್ದರು ಅನ್ನುವುದಕ್ಕೆ ಒಂದು ಸುಳಿವಿದೆ. ಗೋವಾದ ಪಕ್ಕ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ಗಣಿಗಳು ಮನೆ ಬಾಗಿಲಿಗೆ ಬರತೊಡಗಿದ್ದವು. ಗಾಡ್ಗೀಳ್ ಸಮಿತಿ ಕೆಲಸ ಮಾಡುತ್ತಿದ್ದಾಗ, ಅಲ್ಲಿನ ಸಾವಂತವಾಡಿ, ದೋಡಾಮಾರ್ಗ್ ತಾಲ್ಲೂಕುಗಳ 25 ಹಳ್ಳಿಗಳ ಗ್ರಾಮಸಭೆಗಳು ತಾವಾಗಿಯೇ ಠರಾವು ಮಾಡಿದವು. 'ನಮ್ಮೂರನ್ನು ಸೂಕ್ಷ್ಮ ಪ್ರದೇಶ ಅಂತ ಘೋಷಿಸಿ' ಅಂತ ಅವರೇ ಬರೆದು ಕೊಟ್ಟರು.

ನಮಸ್ಕಾರ.